ಮಂಡಿಯೆತ್ತರದ ತೊಟ್ಟಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಯಾರೋ, ಅವನು ಒಂದೇ ಊರಿನಲ್ಲಿ ಹುಟ್ಟಿ ಅದೇ ಊರಿನಲ್ಲಿ ಸತ್ತಿರಬೇಕು. ಸರ್ಕಾರದ ಚಾಕರಿಯಲ್ಲಿದ್ದು ವರ್ಗದ ಹುಕುಂ ಮೇಲೆ ಹುಕುಂ ಪಡೆದವನಾಗಿದ್ದರೆ ‘ಮನೆ ಬದಲಾಯಿಸಿ ನೋಡು’ ಎಂದು ಇನ್ನೊಂದು ಮಾತು ಸೇರಿಸದೆ ಬಿಡುತ್ತಿರಲಿಲ್ಲ. ಮನೆ ಕಟ್ಟುವುದು ಒಂದು ಸಲದ ಕಷ್ಟ. ಮದುವೆಯೂ ದೇವರ ದಯದಿಂದ ಬಹುಪಾಲು ಜನಕ್ಕೆ ಒಂದೇ ಸಲ. ನಾನಾದರೋ ಒಂಬತ್ತು ವರ್ಷದಲ್ಲಿ ಏಳು ಮನೆ ಕಂಡವನು. ಅದರಿಂದ ನನಗಾದ ಲಾಭ ಒಂದೇ. ಯಾವ ಮನೆಯನ್ನಾದರೂ ಸರಿ, ಹೊಸ್ತಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಅದರ ಜಾತಕವನ್ನೇ ಹೇಳಬಲ್ಲೆ ಎಂದು ನಂಬಿದ್ದೆ. ನಂಬಿಕೊಂಡು ಸುಮ್ಮನಿದ್ದೆನೇ? ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ಮಾತ್ರ ನಿಮ್ಮ ಹತ್ತಿರ ಹೇಳಿಬಿಡುತ್ತೇನೆ, ಮನಸ್ಸು ಹಗುರವಾಗಲಿ.

ನನ್ನ ಉದ್ಯೋಗ ಏನೆಂದು ಮೊದಲೇ ತಿಳಿಸುವುದು ಒಳ್ಳೆಯದು. ನಾನು ದೇವಿ ಹಾಕುವವನು. ಸಿಡುಬು ಬಾರದ ಹಾಗೆ ಮಕ್ಕಳ ತೋಳಿನ ಮೇಲೆ ಸೂಜಿಯಿಂದ ಗೀರಿ ಔಷಧಿ ಹಚ್ಚುವ ಸರ್ಕಾರಿ ನೌಕರ. ಕೆಲಸ ಪುಣ್ಯದ್ದೇ. ಆದರೆ ಆ ಪುಣ್ಯ ಪಡೆಯಬೇಕಾದವರಿಗೆ ಅದು ಗೊತ್ತಿಲ್ಲ. ನನ್ನ ಕೊಡೆ ಊರಮುಂದೆ ಕಾಣಿಸಿದರೆ ಸಾಕು, ಮಕ್ಕಳನ್ನು ರಾಗಿ ತುಂಬಿಡುವ ವಾಡೆಯೊಳಕ್ಕೆ ಇಳಿಸಿ ಮೇಲೆ ಮೊರ ಮುಚ್ಚುವ ತಾಯಂದಿರನ್ನು ನಾನು ಕಂಡಿದ್ದೇನೆ. ಹಾರನಹಳ್ಳಿಯಲ್ಲಿ ಒಬ್ಬಾಕೆ ‘ನಮ್ಮನೇಲಿ ಮಕ್ಕಳೇ ಇಲ್ಲ ಕಣ್ ಸ್ವಾಮಿ’ ಎಂದು ಆಣೆ ಇಡುತ್ತಿರುವಾಗಲೇ ವಾಡೆ ಸೀನಿತು. ಮುದ್ದೆ ನುಂಗದ ಮಗುವಿಗೆ ಬೇರೆ ಊರುಗಳಲ್ಲಿ ಗುಮ್ಮನನ್ನು ಕರೆದರೆ, ಪಿರಿಯಾಪಟ್ಟಣದ ಸೀಮೆಯಲ್ಲಿ ನನ್ನನ್ನು ಕರೆಯುತ್ತಾರೆ. ಇಂಥವನಿಗೆ ಬಾಡಿಗೆಗೆ ಮನೆ ಕೊಡುವವರು ಯಾರು? ಬಾಗಿಲು ತೆರೆದು ಖಾಲಿ ಬಿದ್ದಿರುವ ಮನೆಯ ಜಗಲಿಯ ಮೇಲೆ ಕುಳಿತೇ ‘ಮನೆ ಖಾಲಿ ಇಲ್ಲ’ ಎನ್ನುವ ಜನ. ಸಿಕ್ಕ ಮನೆಗಳೂ ಒಂದಕ್ಕಿಂತ ಒಂದು ಚೆಂದ. ಸಾಲಿಗ್ರಾಮದ ಮನೆಯಲ್ಲಿ ಸೂರು ಎಷ್ಟು ತಗ್ಗು ಎಂದರೆ ವರ್ಷವಿಡೀ ನಾನು ಹೆಂಡತಿಗೆ ನಮಸ್ಕಾರ ಮಾಡಿಕೊಂಡೇ ಒಳಗೆ ಬರುತ್ತಿದ್ದೆ. ಹುಣಸೂರಿನ ಮನೆಯ ಗೋಡೆಗೆ ಆನಿಕೊಂಡು ಎಣ್ಣೆ ಗಾಣವಿತ್ತು. ಅದರ ಕಿರುಗುಟ್ಟುವಿಕೆಗೆ ಒಗ್ಗಿಹೋಗಿ, ಎತ್ತು ನಿಂತ ತಕ್ಷಣ ನಮಗೆ ಎಚ್ಚರವಾಗುತ್ತಿತ್ತು.

ನನ್ನ ಹೆಂಡತಿ ಜಯಮ್ಮ ಎಡತೊರೆ ಕಡೆಯ ಒಕ್ಕಲು ಮನೆತನದವಳು. ತವರಿನಿಂದ ಬರುವಾಗ ಬೇರೆಯವರು ಚಿನ್ನ ತಂದರೆ ಅವಳು ಒಂದು ಬೀಸೋಕಲ್ಲು ತಂದಳು. ಕಲ್ಲೆಂದರೆ ಸಾಮಾನ್ಯ ಕಲ್ಲಲ್ಲ. ಅವರ ಅಜ್ಜಿಯ ಕಾಲದ್ದು. ಅದನ್ನು ಗಾಡಿಗೆ ಹೇರುವಾಗ ಗಾಡಿಯವನು ನನ್ನನ್ನೊಮ್ಮೆ, ಎತ್ತುಗಳನ್ನೊಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಏಳು ಮನೆಗೂ ಆ ಕಲ್ಲು ಬಂದಿದೆ, ಏಳು ಸಲವೂ ಅದು ಯಾರದಾದರೂ ಕಾಲ್ಬೆರಳಿನ ಮೇಲೆ ಕೂತೇ ಇಳಿದಿದೆ. ಹುಣಸೂರಿಂದ ಬೆಟ್ಟದಪುರಕ್ಕೆ ವರ್ಗವಾಯಿತು ಎಂದು ಹೇಳಿದ ದಿನ ಜಯಮ್ಮ ರಾಗಿ ಬೀಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. “ನೋಡ್ರೀ, ಇದೊಂದು ಸಲ ಎತ್ತುತೀನಿ. ಆ ಊರಲ್ಲಿ ಇದನ್ನ ಕೂರಿಸಿದ ಮೇಲೆ ಮತ್ತೆ ಗಾಡಿಗೆ ಎತ್ತಬೇಕಾಗಿ ಬಂದ್ರೆ, ಆ ಗಾಡಿ ಎಡತೊರೆಗೇ ಹೋಗೋದು. ನಾನೂ ಅದರ ಜೊತೆಗೇ ಹೋಗೋಳು. ನೀವು ಮನೆ ಬದಲಾಯಿಸ್ಕೊಂಡು ಸುಖವಾಗಿರಿ,” ಎಂದಳು. ಜಯಮ್ಮ ಸಿಟ್ಟಿನಲ್ಲಿ ಆಡಿದ ಮಾತಿಗೆ ನಾನು ಹೆದರುವುದಿಲ್ಲ. ಸಮಾಧಾನವಾಗಿ ಆಡಿದ ಮಾತಿಗೆ ಹೆದರುತ್ತೇನೆ. ಅವಳಿಲ್ಲದ ಮನೆ ನನಗೆ ಬೇಡವಾಗಿತ್ತು.

ಹೀಗಾಗಿ ಈ ಸಲ ಮನೆ ಚೆನ್ನಾಗಿರಲೇಬೇಕಿತ್ತು. ಮೊದಲು ನಾನೊಬ್ಬನೇ ಬೆಟ್ಟದಪುರಕ್ಕೆ ಹೋಗಿ ಮೂರು ದಿನ ಬೀದಿ ಬೀದಿ ಸುತ್ತಿದೆ. ಬಾಗಿಲುಗಳು ನನ್ನ ಮುಂದೆ ಮುಂದೆ ಮುಚ್ಚಿಕೊಂಡು ಹೋದವು. ಮೂರನೆಯ ದಿನ, ಇನ್ನು ಬೆಟ್ಟದ ಮೇಲಿನ ದೇವಸ್ಥಾನದಲ್ಲೇ ಸಂಸಾರ ಹೂಡಬೇಕೇನೋ ಎಂದುಕೊಳ್ಳುತ್ತಿರುವಾಗ ಸಣ್ಣೇಗೌಡರೆಂಬ ಹಿರಿಯರು ತಾವಾಗಿಯೇ ಬಂದರು. “ಮನೆ ಬೇಕಂತಲ್ಲ ಸ್ವಾಮಿ? ನನ್ತಾವ ಒಂದದೆ, ಬನ್ನಿ,” ಎಂದರು. ಹೋದೆ. ಹೊಸದಾಗಿ ಸುಣ್ಣ ಬಳಿದ ಒಂದು ಅಂಕಣ, ಮೂಲೆಯಲ್ಲಿ ಅಡಿಗೆಗೆಂದು ಎಬ್ಬಿಸಿದ ಒಂದು ಅಡ್ಡಗೋಡೆ. ಬಾಗಿಲು ಬಹಳ ಅಗಲವಾಗಿತ್ತು. ಇಷ್ಟಗಲ ಯಾಕೆ ಎಂದು ಕೇಳಿದೆ. “ದೊಡ್ಡೋರು ಬರೋ ಮನೆ ಸ್ವಾಮಿ, ಬಗ್ಗಿ ಬರಕ್ಕಾಯ್ತದಾ?” ಎಂದರು. ಅದು ನನ್ನನ್ನು ಕುರಿತ ಮಾತೆಂದು ತಿಳಿದು ನಾನು ಉಬ್ಬಿಹೋದೆ. ನೆಲಕ್ಕೆ ಹಾಸುಗಲ್ಲು. ಸಣ್ಣಗೆ ಇಳಿಜಾರು, ಕೊನೆಗೆ ಗೋಡೆಯ ಬುಡದಲ್ಲೊಂದು ಬಚ್ಚಲಿನಂಥ ಕಿಂಡಿ. “ತೊಳೆದ್ರೆ ನೀರು ತಾನೇ ಓಯ್ತದೆ. ಅಮ್ಮೋರಿಗೆ ಸೊಂಟ ನೋಯಂಗಿಲ್ಲ.” ಒಂದು ಗೋಡೆಯ ಉದ್ದಕ್ಕೂ ಮಂಡಿಯೆತ್ತರಕ್ಕೆ ಕಲ್ಲಿನ ಕಟ್ಟೆ, ನಡುವೆ ತೋಡಿದ ಹಾಗೆ ಹಳ್ಳ. “ಅದು ಪುಸ್ತಕ ಮಡಗಕ್ಕೆ. ಓದೋರಿಗೆ ಬೇಕಾಯ್ತದಲ್ಲ.” ಆ ಕಟ್ಟೆಗೆ ಸಾಲಾಗಿ ಆರು ಕಬ್ಬಿಣದ ಬಳೆ ಬಡಿದಿದ್ದರು. ಅವು ಯಾಕೆ ಗೌಡರೇ ಎಂದೆ. ಗೌಡರು ಒಂದು ಗಳಿಗೆ ತಡೆದರು. “ತೊಟ್ಟಿಲು ಕಟ್ಟಕ್ಕೆ,” ಎಂದರು.

“ಮಂಡಿಯೆತ್ತರಕ್ಕೆ ಯಾರಾದರೂ ತೊಟ್ಟಿಲು ಕಟ್ಟುತ್ತಾರೆಯೇ?” ಎಂದೆ.

“ಕೂಸು ಬಿದ್ರೆ ಏಟಾಗಬಾರದಲ್ಲ ಸ್ವಾಮಿ!”

ಎಂಥ ದೂರದೃಷ್ಟಿ ಎಂದು ನಾನು ತಲೆದೂಗಿದೆ. ಮಕ್ಕಳ ಆರೋಗ್ಯ ಇಲಾಖೆಯವನಲ್ಲವೇ ನಾನು? ಆರು ತೊಟ್ಟಿಲು ಯಾಕೆ ಎಂದು ಮಾತ್ರ ಕೇಳಲಿಲ್ಲ. ನಮಗಿನ್ನೂ ಮಕ್ಕಳಿರಲಿಲ್ಲ, ಗೌಡರು ಹರಸುತ್ತಿದ್ದಾರೆ ಎಂದುಕೊಂಡೆ. ಸ್ಥಳದಲ್ಲೇ ಮಾತು ಮುಗಿಸಿ, ವೀಳ್ಯ ಬದಲಾಯಿಸಿಕೊಂಡು, ಹುಣಸೂರಿಗೆ ಹೋಗಿ ಜಯಮ್ಮನ ಮುಂದೆ ಆ ಮನೆಯನ್ನು ಅರಮನೆಯ ಮಟ್ಟಕ್ಕೆ ಏರಿಸಿ ವರ್ಣಿಸಿದೆ.

ಗಾಡಿ ಬಂದು ನಿಂತಿತು. ಜಯಮ್ಮ ಇಳಿದು ಹೊರಗಿನಿಂದಲೇ ಒಳಕ್ಕೆ ಇಣುಕಿದಳು. ಬಾಗಿಲನ್ನು ನೋಡಿದಳು, ನೆಲವನ್ನು ನೋಡಿದಳು, ಬಳೆಗಳನ್ನು ಒಂದೊಂದಾಗಿ ನೋಡಿದಳು. ನಾನು ತೊಟ್ಟಿಲಿನ ವಿಚಾರ ವಿವರಿಸಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದೆ. ಸ್ವಲ್ಪ ಹೊತ್ತಿನ ಮೇಲೆ, “ಬರೀ ಹಾಲು ಉಕ್ಕಿಸಿದ್ರೆ ಸಾಲದು ಕಣ್ರೀ. ಏಳು ಮನೆಗೆ ಹಂಗೇ ಮಾಡಿದ್ವಿ, ಒಂದಾದ್ರೂ ಒಗ್ತಾ? ಕರು ಸಮೇತ ಹಸು ತರಿಸಿ. ಹಸು ಮುಂದೆ ಹೊಗದೆ ನಾನು ಈ ಹೊಸ್ತಿಲು ದಾಟೋಳಲ್ಲ,” ಎಂದಳು. ಬಾಡಿಗೆ ಮನೆಗೆ ಯಾರಾದರೂ ಹಸು ಹೊಗಿಸುತ್ತಾರೆಯೇ ಎಂದು ಬೇರೆಯವರಾಗಿದ್ದರೆ ವಾದಿಸುತ್ತಿದ್ದರು. ನನಗೆ ಗಾಡಿಯಲ್ಲಿದ್ದ ಬೀಸೋಕಲ್ಲು ಕಾಣುತ್ತಿತ್ತು. ತರಿಸುತ್ತೇನೆ ಎಂದೆ.

ತರಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ನಾನು ಹಚ್ಚುವ ಔಷಧಿಯನ್ನು ಕರುಗಳ ಮೈಯಿಂದ ತೆಗೆಯುತ್ತಾರೆಂಬ ಸುದ್ದಿ ಅದು ಹೇಗೋ ಊರಿಗೆ ಮುಟ್ಟಿತ್ತು. ಮಕ್ಕಳನ್ನು ಅಡಗಿಸುತ್ತಿದ್ದ ಜನ ಈಗ ಕರುಗಳನ್ನೂ ಅಡಗಿಸಿದರು. ಕೊನೆಗೆ ಪಕ್ಕದ ಬೀದಿಯ ತಾಯಮ್ಮ ಎಂಬ ಗಟ್ಟಿಗಿತ್ತಿ ಒಪ್ಪಿದಳು, ಅದೂ ನನ್ನ ಸೂಜಿಯ ಪೆಟ್ಟಿಗೆಯನ್ನು ಪೂಜೆಗೆ ಕರೆದಿದ್ದ ಜೋಯಿಸರ ವಶಕ್ಕೆ ಕೊಡಿಸಿದ ಮೇಲೆ. ಹಸುವಿನ ಹೆಸರು ಚಿಕ್ಕತಾಯಿ. ಆ ರಾತ್ರಿ ಜಗಲಿಯ ಮೇಲೇ ಮಲಗಿದ್ದು, ಮಾರನೆಯ ಬೆಳಗ್ಗೆ ಅದರ ಕೊಂಬಿಗೆ ಅರಿಸಿನ, ಹಣೆಗೆ ಕುಂಕುಮ ಹಚ್ಚಿ, ಕೊರಳಿಗೆ ಹೂ ಹಾಕಿ, ಮನೆ ಮುಂದೆ ತಂದು ನಿಲ್ಲಿಸಿದೆವು. ನೀವು ನೋಡಿರಬಹುದು, ಸಾಮಾನ್ಯವಾಗಿ ಹಸು ಗೃಹಪ್ರವೇಶಕ್ಕೆ ಒಪ್ಪುವುದಿಲ್ಲ. ಮುಂದೆ ಒಬ್ಬ ಬೆಲ್ಲ ತೋರಿಸಬೇಕು, ಹಿಂದೆ ನಾಲ್ಕು ಜನ ನೂಕಬೇಕು, ಜೋಯಿಸರು ಮಂತ್ರ ಬಿಟ್ಟು ‘ಬಾಲ ಹಿಂಡ್ರೋ’ ಎನ್ನಬೇಕು. ಇಲ್ಲಿ ಅದ್ಯಾವುದೂ ನಡೆಯಲಿಲ್ಲ. ಚಿಕ್ಕತಾಯಿ ಬಾಗಿಲು ತೆರೆದದ್ದನ್ನು ಕಂಡದ್ದೇ ಕಿವಿ ನಿಮಿರಿಸಿ, ಹಗ್ಗ ಕಿತ್ತುಕೊಂಡು, ಕಳಶ ಹಿಡಿದು ನಿಂತಿದ್ದ ನನ್ನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿತು. “ಆಹಾ! ಸಾಕ್ಷಾತ್ ಲಕ್ಷ್ಮಿ ಓಡೋಡಿ ಬರ್ತಿದ್ದಾಳೆ! ನನ್ನ ಜನ್ಮದಲ್ಲಿ ಇಂಥದ್ದು ನೋಡಿಲ್ಲ!” ಎಂದು ಜೋಯಿಸರು ಕಣ್ಣು ಒರೆಸಿಕೊಂಡರು. ನಾನೂ ಕಳಶ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದೆ.

ಲಕ್ಷ್ಮಿ ನೆಟ್ಟಗೆ ಕಲ್ಲಿನ ಕಟ್ಟೆಯ ಬಳಿಗೆ ಹೋಗಿ, ಎರಡನೆಯ ಬಳೆಯ ಮುಂದೆ ನಿಂತು, ನಾನು ಹಿಂದಿನ ದಿನವಷ್ಟೇ ಒಪ್ಪವಾಗಿ ಜೋಡಿಸಿದ್ದ ಪುಸ್ತಕಗಳ ನಡುವೆ ಮುಖ ಇಟ್ಟಿತು. ಹುಣಸೂರಿನಲ್ಲಿ ದೇವಿ ಹಾಕಿದ ಮಕ್ಕಳ ಪಟ್ಟಿ ಅಲ್ಲಿತ್ತು. ನಾನು ಹೋಗಿ ಎಳೆಯುವಷ್ಟರಲ್ಲಿ ಅರ್ಧ ಹುಣಸೂರು ಒಳಗೆ ಹೋಗಿತ್ತು. ಮುಂದೆ ಮೇಲಧಿಕಾರಿಗಳು ಕೇಳಿದಾಗ ‘ಪಟ್ಟಿಯು ನೆನೆದು ಹಾಳಾಯಿತು’ ಎಂದು ಬರೆದುಕೊಟ್ಟೆ; ಅದು ಸುಳ್ಳೇನೂ ಅಲ್ಲ. ಪಟ್ಟಿ ಮುಗಿಸಿದ ಚಿಕ್ಕತಾಯಿ ಒಮ್ಮೆ ಸುತ್ತ ನೋಡಿ, ಉಸ್ಸಪ್ಪಾ ಎಂದು ಮಲಗಿ ಮೆಲುಕು ಹಾಕತೊಡಗಿತು. ಕರುವೂ ಪಕ್ಕದಲ್ಲಿ ಮಲಗಿತು. ಎಬ್ಬಿಸೋಣ ಎಂದೆ. ಜೋಯಿಸರು ಹೌಹಾರಿದರು. “ಅಪಚಾರ! ಮನೆಗೆ ಬಂದ ಲಕ್ಷ್ಮಿಯನ್ನು ಎಬ್ಬಿಸಿ ಅಟ್ಟುತ್ತೀರಾ? ತಾನಾಗಿ ಏಳಬೇಕು, ತಾನಾಗಿ ಹೋಗಬೇಕು,” ಎಂದು ದಕ್ಷಿಣೆ ತೆಗೆದುಕೊಂಡು ತಾವು ಹೊರಟುಹೋದರು. ಲಕ್ಷ್ಮಿ ಇಳಿಹೊತ್ತಿನವರೆಗೂ ಏಳಲಿಲ್ಲ. ನಾವು ಅದರ ಬಾಲದ ಪಕ್ಕದಲ್ಲಿ ಎಲೆ ಹಾಕಿಕೊಂಡು ಹೋಳಿಗೆ ಊಟ ಮಾಡಿದೆವು. ಆಮೇಲೆ ತಾಯಮ್ಮ ಬಂದು, ಬೈದು, ರಮಿಸಿ, ಎಳೆದುಕೊಂಡು ಹೋದಳು. ಜಯಮ್ಮ ನೀರು ಹಾಕಿ ತೊಳೆದಳು. ಗೌಡರು ಹೇಳಿದ್ದು ನಿಜ, ನೀರು ತಾನೇ ತಾನಾಗಿ ಹೋಯಿತು.

ಮಾರನೆಯ ದಿನ ಸಂಜೆ, ಮೇಯಲು ಹೋದ ದನ ಊರೊಳಗೆ ಬರುವ ಹೊತ್ತು. ಆ ಹೊತ್ತಿಗೆ ದೀಪ ಹಚ್ಚಿ ತಲೆಬಾಗಿಲು ತೆರೆದಿಡುವುದು ಜಯಮ್ಮನ ಪದ್ಧತಿ. ದೀಪದ ಹೊತ್ತಿಗೆ ಬಾಗಿಲು ಹಾಕಿದರೆ ಬರುವ ಲಕ್ಷ್ಮಿ ಹಿಂದಕ್ಕೆ ಹೋಗುತ್ತಾಳಂತೆ. ಇಲ್ಲಿ ಹೋಗುವ ಮಾತೇ ಇರಲಿಲ್ಲ. ಚಿಕ್ಕತಾಯಿ ಮಂದೆಯಿಂದ ಕವಲೊಡೆದು, ಜಗಲಿ ಹತ್ತಿ, ದೀಪದ ಪಕ್ಕದಲ್ಲೇ ಹಾದು ತನ್ನ ಜಾಗಕ್ಕೆ ಹೋಗಿ ನಿಂತಿತು. ನಾಳೆಯಿಂದ ಆ ಹೊತ್ತಿಗೆ ಬಾಗಿಲು ಹಾಕೋಣ ಎಂದೆ. “ಏಳು ಮನೆಯಲ್ಲಿ ಹಾಕದ ಬಾಗಿಲು ಇಲ್ಲಿ ಹಾಕ್ಲಾ? ಬುಡ್ರೀ!” ಎಂದಳು ಜಯಮ್ಮ. ಮೂರನೆಯ ಸಂಜೆ ಚಿಕ್ಕತಾಯಿ ಒಂಟಿಯಾಗಿ ಬರಲಿಲ್ಲ. ಅದರ ಹಿಂದೆ ಒಂದು ಕಪ್ಪು ಹಸು, ಅದರ ಹಿಂದೆ ಕೊಂಬು ಮುರಿದ ಇನ್ನೊಂದು, ಅದರ ಹಿಂದೆ ಎರಡು ಎಮ್ಮೆ. ನಾನು ಜಗಲಿಯ ಮೇಲೆ ಕೈ ಅಗಲಿಸಿ ನಿಂತು, ಸರ್ಕಾರದ ಹೆಸರಿನಲ್ಲಿ ‘ಹೋ ಹೋ’ ಎಂದು ಕೂಗಿದೆ. ಎಮ್ಮೆಗಳಿಗೆ ಸರ್ಕಾರದ ಭಯವಿದ್ದ ಹಾಗೆ ಕಾಣಲಿಲ್ಲ. ಐದೂ ಒಳಗೆ ಹೋದವು, ಒಂದನ್ನೊಂದು ನೂಕಲಿಲ್ಲ, ಜಗಳವಾಡಲಿಲ್ಲ. ಪಾಠಶಾಲೆಯ ಮಕ್ಕಳು ತಮ್ಮ ತಮ್ಮ ಮಣೆಗೆ ಹೋಗುವಂತೆ ಒಂದೊಂದೂ ಒಂದೊಂದು ಕಬ್ಬಿಣದ ಬಳೆಯ ಮುಂದೆ ಹೋಗಿ ನಿಂತವು. ಆರನೆಯ ಬಳೆ ಮಾತ್ರ ಖಾಲಿ ಉಳಿಯಿತು.

ಆಗ ನನಗೆ ತಿಳಿಯಿತು. ಏಳು ಮನೆಗಳ ಅನುಭವ ಒಟ್ಟಾಗಿ ತಲೆಯ ಮೇಲೆ ಬಿದ್ದ ಹಾಗಾಯಿತು. ಪುಸ್ತಕದ ಕಟ್ಟೆ ಎಂದರೆ ಗೊಂತು, ದನಕ್ಕೆ ಹುಲ್ಲು ಹಾಕುವ ಜಾಗ. ತೊಟ್ಟಿಲಿನ ಬಳೆ ದನ ಕಟ್ಟುವ ಬಳೆ. ಬಗ್ಗದೆ ಬರುವ ದೊಡ್ಡೋರು ಯಾರೆಂಬುದೂ ಹೊಳೆಯಿತು. ನಾನು ಅರಿಸಿನ ಕುಂಕುಮ ಹಚ್ಚಿ, ಮಂತ್ರ ಹೇಳಿಸಿ, ಕಳಶ ಹಿಡಿದು ಹಸುವನ್ನು ಅದರ ಕೊಟ್ಟಿಗೆಗೇ ಬರಮಾಡಿಕೊಂಡಿದ್ದೆ!

ಹೆಗಲ ಮೇಲೆ ಟವಲು ಹಾಕಿಕೊಂಡು ಸಣ್ಣೇಗೌಡರ ಮನೆಗೆ ಓಡಿದೆ. ಅವರು ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. “ಏನು ಗೌಡರೇ, ಕೊಟ್ಟಿಗೆಯನ್ನು ಮನೆ ಎಂದು ಕೊಟ್ಟಿರಲ್ಲ!” ಎಂದೆ.

“ಕೊಟ್ಟಿಗೆ ಅಂತ ಯಾರಂದ್ರು ಸ್ವಾಮಿ? ದನ ಇದ್ದಾಗ ಕೊಟ್ಟಿಗೆ. ನೀವು ಬಂದ್ಮ್ಯಾಲೆ ಮನೆ.”

“ಈಗ ಅವೂ ಇವೆ, ನಾವೂ ಇದ್ದೇವಲ್ಲ!”

ಗೌಡರು ಎಲೆ ಮಡಚಿ ಬಾಯಿಗಿಟ್ಟುಕೊಂಡು ಯೋಚಿಸಿದರು. “ಅದನ್ನ ನೀವು ನೀವೇ ಕೂತು ತೀರ್ಮಾನ ಮಾಡ್ಕಬೇಕು,” ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ ನಡೆದದ್ದು ಹೇಳಿದರು. ವಯಸ್ಸಾಯಿತು, ನೋಡಿಕೊಳ್ಳಲು ಆಗಲಿಲ್ಲ, ಐದನ್ನೂ ಊರಲ್ಲೇ ಬೇಕಾದವರಿಗೆ ಮಾರಿದರಂತೆ. ಮಾರಿದ ಮೇಲೂ ಅವು ಮೊದಮೊದಲು ದಿನಾ ಸಂಜೆ ಬಂದು ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಿದ್ದವಂತೆ. “ನಾನು ಬಾಗ್ಲು ತೆಗೀತಿರಲಿಲ್ಲ, ವಾಪಸ್ ಓಯ್ತಿದ್ವು, ಆಮ್ಯಾಕೆ ಬರದೇ ಬುಟ್ವು. ನೀವು ತೆಗೆದ್ರಿ. ತೆಗೆದಿದ್ದೂ ಅಲ್ದೆ ಆರತಿ ಬೇರೆ ಎತ್ತಿದ್ರಿ.” ಆರನೆಯ ಬಳೆ ಯಾರದು ಎಂದು ಕೇಳಿದೆ. “ಅದೊಂದು ಬೀಡಾಡಿ ಎತ್ತು ಸ್ವಾಮಿ. ಊರೂರು ತಿರುಗ್ತಿತ್ತು, ಕೆಲಸಕ್ಕೂ ಅಷ್ಟಕ್ಕಷ್ಟೆ. ವಾರಕ್ಕೊಂದ್ಸಲ ಉಣ್ಣಕ್ಕೆ ಬರ್ತಿತ್ತು. ಓದ ವರ್ಸ ಸತ್ತೋಯ್ತು, ಪಾಪ,” ಎಂದರು.

ಮನೆಗೆ ಹಿಂದಿರುಗುವಾಗ ನನ್ನ ಕಣ್ಣಿಗೆ ಕಂಡದ್ದು ಎಡತೊರೆಯ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ಗಾಡಿ, ಗಾಡಿಯಲ್ಲಿ ಬೀಸೋಕಲ್ಲು, ಅದರ ಪಕ್ಕದಲ್ಲಿ ಬೆನ್ನು ತಿರುಗಿಸಿ ಕುಳಿತ ಜಯಮ್ಮ. ಬೇರೆ ಮನೆ ಹುಡುಕಿದರೆ ಕಲ್ಲು ಎತ್ತಬೇಕು, ಎತ್ತಿದರೆ ಅವಳು ಹೋಗುತ್ತಾಳೆ. ಇಲ್ಲೇ ಇದ್ದರೆ ಎಮ್ಮೆಗಳ ಜೊತೆ ಇರಬೇಕು, ಅದಕ್ಕೂ ಹೋಗುತ್ತಾಳೆ. ಏನಾದರಾಗಲಿ, ನಾನೇ ತಪ್ಪೊಪ್ಪಿಕೊಂಡು ಬಿಡೋಣ ಎಂದು ಒಳಗೆ ಹೋದೆ. ಜಯಮ್ಮ ಕಪ್ಪು ಹಸುವಿನ ಕೊರಳ ಕೆಳಗಿನ ಗಂಗೆದೊಗಲು ತುರಿಸುತ್ತಾ ನಿಂತಿದ್ದಳು. “ಜಯಾ, ನಾನು ಮೋಸ ಹೋದೆ. ಇದು ಮನೆಯಲ್ಲ, ಕೊಟ್ಟಿಗೆ,” ಎಂದೆ.

“ಹ್ಞೂಂ,” ಎಂದಳು.

“ಹ್ಞೂಂ ಅಂದರೆ? ನಿನಗೆ ಗೊತ್ತಿತ್ತೇ?”

“ಒಕ್ಕಲು ಮಗಳು ಕಣ್ರೀ ನಾನು. ಗೊಂತು ಕಂಡ್ರೆ ಗೊತ್ತಾಗಲ್ವಾ? ಬಂದ ದಿನ ಗಾಡಿ ಇಳಿದಾಗಲೇ ಗೊತ್ತಾಯ್ತು. ನೀವು ತೊಟ್ಟಿಲು ಅಂದಾಗ ನಗು ತಡೆಯೋಕೇ ಆಗಲಿಲ್ಲ.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಏನ್ ಮಾಡ್ತಿದ್ರಿ? ಇನ್ನೊಂದು ಮನೆ ನೋಡ್ತಿದ್ರಿ. ನೀವು ನೋಡೋ ಮನೆ ಇದಕ್ಕಿಂತ ಚೆನ್ನಾಗಿರುತ್ತೆ ಅಂತ ಏನು ಗ್ಯಾರಂಟಿ? ಕಲ್ಲು ಬೇರೆ ಎತ್ತಬೇಕು. ಹಸು ತರಿಸಿ ಅಂದಿದ್ದೂ ಅದಕ್ಕೇ. ಕೊಟ್ಟಿಗೆಗೆ ದನ ಕಾಲಿಡದೆ ಮನುಷ್ಯರು ಹೋದ್ರೆ ಆದೀತಾ?”

ಆಮೇಲೆ ನಾವೂ ಅವೂ ಕೂತು ತೀರ್ಮಾನ ಮಾಡಿಕೊಂಡೆವು. ಹಾಗೆಂದರೆ ಜಯಮ್ಮನೂ ದನದ ಯಜಮಾನಿಯರೂ ಮಾಡಿದರು, ನಾನು ಜಗಲಿಯ ಮೇಲಿದ್ದೆ. ದನ ಸಂಜೆ ಇಲ್ಲಿಗೇ ಬರುವುದು. ಹೆಂಗಸರು ಇಲ್ಲೇ ಬಂದು ಹಾಲು ಕರೆದು, ಜಯಮ್ಮನಿಗೆ ಒಂದೊಂದು ಚೊಂಬು ಕೊಟ್ಟು, ತಮ್ಮ ತಮ್ಮ ದನ ಹೊಡೆದುಕೊಂಡು ಹೋಗುವುದು. ನಾನು ಹಾಲಿನ ಬಗ್ಗೆ ಯೋಚಿಸಿದೆ. ಜಯಮ್ಮ ಬೇರೆಯದನ್ನು ಯೋಚಿಸಿದ್ದಳು. ಒಂಬತ್ತು ವರ್ಷದಲ್ಲಿ ಯಾವ ಊರಿನಲ್ಲೂ ದೇವಿ ಹಾಕುವವನ ಹೆಂಡತಿಯ ಹೊಸ್ತಿಲು ತುಳಿದ ಹೆಂಗಸಿಲ್ಲ, ಕುಂಕುಮಕ್ಕೆ ಕರೆದವರಿಲ್ಲ. ಇದು ನನಗೆ ಅಷ್ಟು ವರ್ಷ ಹೊಳೆದಿರಲೇ ಇಲ್ಲ, ನಾಚಿಕೆಯಾಗುತ್ತದೆ. ಈಗ ದಿನಾ ಸಂಜೆ ಐದು ಹೆಂಗಸರು, ಅವರ ಹಿಂದೆ ಅತ್ತೆಯರು ನಾದಿನಿಯರು, ಸೊಂಟದಲ್ಲಿ ಮಕ್ಕಳು. ಹಾಲು ಕರೆಯುವ ಸದ್ದಿಗಿಂತ ಅವರ ನಗುವೇ ಜಾಸ್ತಿ. ಸೊಂಟದ ಮಕ್ಕಳು ಬಂದ ಮೇಲೆ ನನ್ನ ಇಲಾಖೆಯ ಕೆಲಸವೂ ನಡೆಯಿತು. ಚಿಕ್ಕತಾಯಿಯ ಮರೆಯಲ್ಲಿ ನಾನು ಸೂಜಿ ಹಿಡಿದು ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದೆ. ಜಯಮ್ಮ ಮಗುವಿಗೆ ಕರುವನ್ನು ತೋರಿಸುವಷ್ಟರಲ್ಲಿ ತೋಳಿನ ಕೆಲಸ ಮುಗಿಯುತ್ತಿತ್ತು. “ಅಂಗೇ ಒಸಿ ನನ್ ಮೊಮ್ಮಗಂಗೂ ಗೀರ್ಬುಡಿ ಸ್ವಾಮಿ, ಇಲ್ಲೇ ಅವ್ನೆ,” ಎಂದು ಒಂದು ದಿನ ತಾಯಮ್ಮನೇ ಹೇಳಿದಳು. ಬೆಟ್ಟದಪುರದಲ್ಲಿ ಅಷ್ಟು ಮಕ್ಕಳಿಗೆ ಹೇಗೆ ಹಾಕಿದಿರಿ ಎಂದು ಮೇಲಧಿಕಾರಿಗಳು ಮೆಚ್ಚಿ ಕೇಳಿದರು. ಜನರ ಮನವೊಲಿಸಿದೆ ಎಂದು ಬರೆದೆ. ಎಮ್ಮೆಗಳ ಹೆಸರು ಬರೆಯಲಿಲ್ಲ.

ಮೆಚ್ಚಿದವರು ಸುಮ್ಮನಿರುತ್ತಾರೆಯೇ? ಪಿರಿಯಾಪಟ್ಟಣಕ್ಕೆ ವರ್ಗ ಮಾಡಿದರು. ಈ ಸಲ ನಾನು ಎಚ್ಚರ ತಪ್ಪಲಿಲ್ಲ. ಬಾಗಿಲು ಅಳೆದೆ, ನೆಲಕ್ಕೆ ನೀರು ಹಾಕಿ ಹರಿಯುತ್ತದೆಯೇ ನೋಡಿದೆ, ಮಂಡಿಯೂರಿ ಗೋಡೆಯ ಉದ್ದಕ್ಕೂ ತಡವಿದೆ. ಅಚ್ಚುಕಟ್ಟಾದ, ಮನುಷ್ಯರು ಕಟ್ಟಿ ಮನುಷ್ಯರು ವಾಸಿಸಿದ ಮನೆ. ಗೆದ್ದೆ ಎಂದುಕೊಂಡು ಗಾಡಿ ತಂದೆ. ಗಾಡಿಯವನು ಸಾಮಾನು ಹೇರಿ, “ಆ ಕಲ್ಲೆಲ್ಲಮ್ಮಾ?” ಎಂದು ಭಯದಿಂದಲೇ ಕೇಳಿದ. ಜಯಮ್ಮ ಕಲ್ಲಿನ ಮುಂದೆ ಕುಳಿತು ಬೀಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. “ಕಲ್ಲು ಕೂತದೆ ಕಣಪ್ಪ. ಅಯ್ಯನೋರ ಹಾಸಿಗೆ, ಕೊಡೆ, ಪೆಟ್ಟಿಗೆ ಇಷ್ಟು ತಗೊಂಡೋಗು, ಸಾಕು,” ಎಂದಳು. ನಾನು ಬಾಯಿ ತೆರೆದೆ. ಗಾಡಿ ಎಡತೊರೆಗೆ ಹೋಗುತ್ತದೆಂದು ಅವಳು ಹೆದರಿಸಿದ್ದಳು. ಹೋಗಲಿಲ್ಲ. ಅಷ್ಟೇ ಸಮಾಧಾನ ಎಂದು ಬಾಯಿ ಮುಚ್ಚಿದೆ.

ಆ ಅಚ್ಚುಕಟ್ಟಾದ ಮನೆಯಲ್ಲಿ ಈಗ ನಾನೊಬ್ಬನೇ ಇದ್ದೇನೆ. ಬಹಳ ಗಾಳಿ, ಬಹಳ ಬೆಳಕು. ಸಂಜೆ ಬಾಗಿಲು ತೆರೆದಿಟ್ಟರೆ ಬರುವವರು ಯಾರೂ ಇಲ್ಲ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿದವನೇ ಬೆಟ್ಟದಪುರದ ದಾರಿ ಹಿಡಿಯುತ್ತೇನೆ. ಊರು ಮುಟ್ಟುವುದು ಸರಿಯಾಗಿ ದನ ಬರುವ ಹೊತ್ತಿಗೆ. ಚಿಕ್ಕತಾಯಿ ಮುಂದೆ, ಕಪ್ಪು ಹಸು, ಮುರುಕು ಕೊಂಬಿನದು, ಎಮ್ಮೆ ಎರಡು, ಅವುಗಳ ಹಿಂದೆ ನಾನು. ಇದೇ ಸಾಲಿನಲ್ಲಿ ಜಗಲಿ ಹತ್ತುತ್ತೇವೆ. “ಬಂದ್ರಾ? ಕಾಲು ತೊಳ್ಕೊಳ್ಳಿ, ಉಣ್ಣೋಕೆ ಇಡ್ತೀನಿ,” ಎನ್ನುತ್ತಾಳೆ ಜಯಮ್ಮ. ಅವು ತಮ್ಮ ತಮ್ಮ ಬಳೆಯ ಮುಂದೆ ನಿಲ್ಲುತ್ತವೆ. ನಾನು ನನ್ನ ಕೊಡೆಯನ್ನೂ ಸೂಜಿಯ ಚೀಲವನ್ನೂ ಆರನೆಯದಕ್ಕೆ ಸಿಕ್ಕಿಸುತ್ತೇನೆ.